ಬಲಕ್ಕೆ ಬಿದ್ದ ಹೂವನ್ನು ನಂಬದ ಬಾಳೇಶ

ದಾಂಡೇಲಿಯಲ್ಲಿ ನನ್ನ ಪಕ್ಕದ ಮನೆಯ ಬಾಳೇಶನಷ್ಟು ಸಜ್ಜನ ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಸಜ್ಜನ ಎಂದರೆ ನಮ್ಮ ಕಡೆ ಅರ್ಥ ಇಷ್ಟೇ: ಇಪ್ಪತ್ತೆರಡು ವರ್ಷದಿಂದ ಅವನು ಒಂದು ಹೊಸ ದಾರಿ ಹಿಡಿದಿಲ್ಲ, ಒಂದು ಹೊಸ ಮಾತಾಡಿಲ್ಲ, ಅಂಗಿಯ ಬಣ್ಣ ಕೂಡ ಬದಲಿಸಿಲ್ಲ.

ಅವನ ಅಪ್ಪ ಮಹಾಂತಪ್ಪ ಬೈಲಹೊಂಗಲದ ಕಡೆಯಿಂದ ಕಾಗದ ಕಾರ್ಖಾನೆಯ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಬಂದು ಹೆಂಚಿನ ಸಾಲುಮನೆಯಲ್ಲಿ ಎರಡು ಖೋಲಿ ಹಿಡಿದರು. ಬಾಳೇಶ ಹುಟ್ಟಿದ್ದು ಅದರಲ್ಲೇ, ಮದುವೆಯಾಗಿ ಸಂಸಾರ ಹೂಡಿದ್ದೂ ಅದರಲ್ಲೇ. ಕಟ್ಟಿಗೆ ತರುವ ಲಾರಿಗಳನ್ನು ತೂಗುವ ಕಾಟಾದಲ್ಲಿ ಅವನಿಗೆ ಗುತ್ತಿಗೆಯ ನೌಕರಿ. ಲಾರಿ ಬಂದು ಕಾಟಾದ ಮೇಲೆ ನಿಲ್ಲುತ್ತದೆ, ಕಿಟಕಿಯ ಪಕ್ಕದ ಡಬ್ಬಿಯಲ್ಲಿ ಕೆಂಪು ಅಂಕಿ ಮೂಡುತ್ತದೆ, ಇವನು ಅದನ್ನು ಗಟ್ಟಿಯಾಗಿ ಓದುತ್ತಾನೆ. ಅಲ್ಲಿಗೆ ಕೆಲಸ ಮುಗಿಯಿತು. ಇದು ಹೆಚ್ಚೋ ಕಡಿಮೆಯೋ ಎಂದು ತಲೆ ಕೆಡಿಸಿಕೊಳ್ಳುವ ಜವಾಬ್ದಾರಿ ಡಬ್ಬಿಯದು. ಇಪ್ಪತ್ತೆರಡು ವರ್ಷ ಹೀಗೆ ಕೂತವನಿಗೆ ಜಗತ್ತಿನ ಎಲ್ಲ ಪ್ರಶ್ನೆಗೂ ಎಲ್ಲೋ ಒಂದು ಕಡೆ ಕೆಂಪು ಅಂಕಿ ಮೂಡುತ್ತದೆ ಎಂಬ ನಂಬಿಕೆ ಬಂದುಬಿಟ್ಟಿತ್ತು.

ಚಹಾ ಕುಡಿಯುವುದು ಒಂದೇ ಅಂಗಡಿಯಲ್ಲಿ, ಕೂರುವುದು ಅದರ ಎರಡನೆಯ ಬೆಂಚಿನಲ್ಲಿ. ಬೆಂಚಿನ ಮೇಲೆ ಯಾರಾದರೂ ಕೂತಿದ್ದರೆ ನಿಂತು ಕಾಯುತ್ತಾನೆ, ಮೊದಲನೆಯ ಬೆಂಚು ಖಾಲಿಯಿದ್ದರೂ. ಒಮ್ಮೆ ಅವನ ಕ್ಷೌರದಂಗಡಿಯವನು ಮಗಳ ಬಾಣಂತನಕ್ಕೆಂದು ಗೋವಾಕ್ಕೆ ಹೋಗಿ ಎರಡು ತಿಂಗಳು ಬರಲಿಲ್ಲ. ನಮ್ಮ ಬೀದಿಯಲ್ಲೇ ಇನ್ನೂ ಮೂರು ಕ್ಷೌರದಂಗಡಿಗಳಿವೆ. ಇವನು ಕೂದಲು ಕಿವಿ ಮುಚ್ಚುವವರೆಗೂ ಕಾದ. ಕೊನೆಗೆ ಕಾಟಾದ ಮೇಸ್ತ್ರಿ ಕರೆದು, ಏನಪ್ಪ ಸನ್ಯಾಸ ತಗೊಂಡಿಯೇನು ಎಂದು ಕೇಳಿದರು.

ಹೆಣ್ಣು ನೋಡಿದ್ದೂ ಒಂದೇ. ಹಳಿಯಾಳದ ಹತ್ತಿರದ ಹಳ್ಳಿಯೊಂದರ ಸುವರ್ಣಾಳನ್ನು ಮಹಾಂತಪ್ಪ ತೋರಿಸಿದಾಗ, ಇನ್ನೊಂದು ನೋಡೂಣೇನು ಎಂದರೆ, ‘ಯಾಕ, ಇದಕ್ಕೇನಾಗೇತಿ?’ ಎಂದನಂತೆ. ಕುರುಡ ಬೀಸಿದ ಕಲ್ಲು ಹಣ್ಣಿಗೇ ತಾಗಿತು. ನಲವತ್ತು ಕನ್ಯೆ ನೋಡಿದವರಿಗೂ ಸುವರ್ಣಾಳಂಥ ಹೆಂಡತಿ ಸಿಗಲಿಲ್ಲ. ಅವರಲ್ಲಿ ನಾನೂ ಒಬ್ಬ.

ಈಗ ನನ್ನದೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನನ್ನನ್ನು ಬುದ್ಧಿವಂತ ಎಂದುಕೊಂಡೀರಿ. ನಾನು ಈರೇಶ. ಮೊಬೈಲ್ ಅಂಗಡಿ, ಅಣಬೆ, ಜವಾರಿ ಕೋಳಿ, ಜೇನುಪೆಟ್ಟಿಗೆ, ಪ್ರವಾಸಿಗರನ್ನು ದೋಣಿ ಹತ್ತಿಸುವ ದಲ್ಲಾಳಿಕೆ, ಹೀಗೆ ಏಳು ದಂಧೆ ಮಾಡಿದ್ದೇನೆ. ಒಂದರಲ್ಲೂ ಎರಡನೆಯ ಮಳೆಗಾಲ ಕಂಡಿಲ್ಲ. ಅಣಬೆ ಇನ್ನೇನು ಚಿಗುರುವಾಗ ನನಗೆ ಕೋಳಿಯ ಕನಸು ಬೀಳುತ್ತದೆ. ಬಾಳೇಶ ಕೂತಲ್ಲೇ ಬೇರು ಬಿಡುವ ಮನುಷ್ಯ, ನಾನು ಬೇರು ಬಿಡುವ ಮೊದಲೇ ಕಿತ್ತು ನೋಡುವ ಮನುಷ್ಯ. ದೇವರು ಇಬ್ಬರನ್ನೂ ಒಂದೇ ಗೋಡೆಯ ಆಚೆ ಈಚೆ ಇಟ್ಟಿದ್ದಾನೆ.

ಸುವರ್ಣಾಳ ಕೈರುಚಿ ನಮ್ಮ ಸಾಲುಮನೆಗೆಲ್ಲ ಗೊತ್ತಿದ್ದದ್ದೇ. ಅವಳ ಬದನೆಕಾಯಿ ಎಣ್ಣೆಗಾಯಿ ಉಂಡವರು ಹೆಚ್ಚು ಮಾತಾಡುವುದಿಲ್ಲ, ಇನ್ನೊಂದು ರೊಟ್ಟಿ ಕೇಳುತ್ತಾರೆ. ನಾನು ದಲ್ಲಾಳಿಯಾಗಿದ್ದ ಕಾಲದಲ್ಲಿ ದೋಣಿ ಸವಾರಿಯ ಊರಾದ ಗಣೇಶಗುಡಿಯ ಬಾಬು ವೇಳಿಪನ ಹೋಮ್‌ಸ್ಟೇಗೆ ಒಮ್ಮೆ ಅಡುಗೆಯವನು ಕೈಕೊಟ್ಟ. ಅವಳನ್ನು ಕರೆದುಕೊಂಡು ಹೋಗಿದ್ದೆ. ಅಂದಿನಿಂದ ಶನಿವಾರ, ಭಾನುವಾರ ಅವಳೇ ಹೋಗಿ ಅಡುಗೆ ಮಾಡಿ ಬರತೊಡಗಿದಳು. ದೋಣಿ ಸವಾರಿ ಮುಗಿಸಿ ಒದ್ದೆ ಬಟ್ಟೆಯಲ್ಲಿ ಬಂದ ಬೆಂಗಳೂರಿನವರು ಅವಳ ರೊಟ್ಟಿಗೆ ಸಾಲು ಹಚ್ಚಿ ನಿಲ್ಲುತ್ತಿದ್ದರು.

ಹೋದ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ವೇಳಿಪ ತಾನೇ ನಮ್ಮ ಬೀದಿಗೆ ಬಂದ. ಅಡುಗೆಮನೆ ಪೂರ್ತಿ ಸುವರ್ಣಾ ನೋಡಿಕೊಳ್ಳಬೇಕು, ಲಾಭದಲ್ಲಿ ಪಾಲು, ಹಿಂದಿನ ಎರಡು ಖೋಲಿ ಇರುವುದಕ್ಕೆ. ಬಾಳೇಶನೂ ಬರಬೇಕು, ಸಾಮಾನು ತರುವುದು, ಬಡಿಸುವುದು ಅವನ ಪಾಲಿಗೆ. ‘ದೀಪಾವಳಿ ಒಳಗ ಹೇಳಾ ಬಾಯಿ, ಆಮೇಲೆ ಗಿರಾಕಿ ಸುರು ಆಗ್ತದೆ, ನಾನು ನಿಲ್ಲೂದಿಲ್ಲ’ ಎಂದು ತನ್ನ ಕೊಂಕಣಿ ಮಿಶ್ರಿತ ಕನ್ನಡದಲ್ಲಿ ಸುವರ್ಣಾಳಿಗೆ ಹೇಳಿ ಚಹಾ ಕುಡಿದು ಹೋದ.

ಆ ದಿನ ಸುವರ್ಣಾಳ ಮುಖ ನಾನು ನೋಡಿದ್ದೇನೆ. ಮಗಳು ಜ್ಯೋತಿ ಧಾರವಾಡದ ಹಾಸ್ಟೆಲಿಗೆ ಹೋದ ಮೇಲೆ ಅವಳು ಎರಡು ಖೋಲಿಯಲ್ಲಿ ಎರಡೇ ಜನರಿಗೆ ರೊಟ್ಟಿ ಬಡಿಯುತ್ತ ಬೇಸತ್ತಿದ್ದಳು. ನಲವತ್ತೆರಡು ವರ್ಷದಲ್ಲಿ ಯಾರೂ ಅವಳನ್ನು ಮನೆ ಬಾಗಿಲಿಗೆ ಬಂದು, ನೀ ಬಾ, ನೀನೇ ಬೇಕು ಎಂದು ಕರೆದಿರಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಬಾಳೇಶ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

‘ಪ್ರಸಾದ ಕೇಳೂಣು’ ಎಂದ.

ನಮ್ಮಲ್ಲಿ ಇದು ಹೊಸದಲ್ಲ. ಬಾವಿ ತೋಡುವುದಿರಲಿ, ಬೀಗರನ್ನು ಒಪ್ಪುವುದಿರಲಿ, ದೇವರ ಮೈಮೇಲೆ ಎಡಕ್ಕೊಂದು ಬಲಕ್ಕೊಂದು ಒದ್ದೆ ಹೂವಿನ ಎಸಳು ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ನಾನು ಇದನ್ನು ಆಡಿಕೊಳ್ಳುವುದಿಲ್ಲ. ಎರಡೂ ಸರಿ ಅನ್ನಿಸುವ ಕಡೆ ಒಂದನ್ನು ಹಿಡಿದು ನಡೆಯಲು ಹಿರಿಯರು ಮಾಡಿಟ್ಟ ಉಪಾಯ ಅದು. ಕೇಳಬೇಕು, ಕೇಳಿದ ಮೇಲೆ ನಡೆಯಬೇಕು. ಆದರೆ ಬಾಳೇಶನಿಗೆ ಮೊದಲರ್ಧ ಮಾತ್ರ ಗೊತ್ತಿತ್ತು.

ಸುವರ್ಣಾಳ ತವರೂರಿನ ಕಲ್ಮೇಶ್ವರನ ಗುಡಿಗೆ ನನ್ನ ಬೈಕಿನಲ್ಲಿ ಬಾಳೇಶ, ಬಸ್ಸಿನಲ್ಲಿ ಸುವರ್ಣಾ. ಪೂಜಾರಿ ಲಿಂಗ ತೊಳೆದು ಎಸಳು ಹಚ್ಚಿ, ಬೇಡಿಕೊಳ್ಳಿ ಎಂದ. ಬಾಳೇಶ ಕೈಮುಗಿದು, ‘ಗಣೇಶಗುಡಿಗೆ ಹೋಗೂದು ಚಲೋ ಇದ್ರ ಬಲಕ್ಕ ಕೊಡಪಾ’ ಎಂದು ಇನ್ನೂ ಕಣ್ಣು ತೆರೆದಿರಲಿಲ್ಲ, ಬಲಗಡೆಯ ಎಸಳು ಜಾರಿ ಪೂಜಾರಿಯ ಅಂಗೈಗೇ ಬಿತ್ತು. ಸುವರ್ಣಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಅಲ್ಲಿ ದೇವರೂ ಕೊಟ್ಟಿದ್ದ, ಪೂಜಾರಿಯೂ ಕೊಟ್ಟಿದ್ದ.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಬಾಳೇಶನ ಮುಖ ಸಪ್ಪಗಿತ್ತು. ‘ಇಷ್ಟು ಲಗೂನ ಕೊಟ್ಟನಲ್ಲೋ ಈರೇಶ. ನಾ ಪೂರ್ತಿ ಹೇಳೂದರೊಳಗ ಬಿತ್ತು. ಕೇಳಿಸ್ಕೊಂಡಾನೋ ಇಲ್ಲೋ.’

ಆಗ ನಾನು ಏನಾದರೂ ಬೇರೆ ಹೇಳಬಹುದಿತ್ತು. ನನ್ನ ನಾಲಿಗೆಗೆ ಬಂದದ್ದು ನನ್ನ ಹುಟ್ಟುಗುಣ: ‘ಅದಕ್ಕೇನ್, ಇನ್ನೊಂದು ಕಡೆ ನೋಡಿದ್ರಾತು.’

ಜೀವಮಾನದಲ್ಲಿ ಎರಡನೆಯ ಕ್ಷೌರದಂಗಡಿ ನೋಡದ ಮನುಷ್ಯ ಎರಡನೆಯ ದೇವರನ್ನು ನೋಡಲು ಹೊರಟ. ಅವನಿಗೆ ಅದು ತನ್ನ ಸ್ವಭಾವಕ್ಕೆ ವಿರುದ್ಧ ಅನ್ನಿಸಲೇ ಇಲ್ಲ. ಯಾಕೆಂದರೆ ಒಂದೊಂದು ದೇವರಿಗೂ ಒಂದೊಂದು ವಾರ ಹಿಡಿಯುತ್ತಿತ್ತು, ಅಷ್ಟು ವಾರ ಎರಡನೆಯ ಬೆಂಚು ಬಿಡಬೇಕಾಗಿರಲಿಲ್ಲ.

ಎರಡನೆಯದು ದುರ್ಗವ್ವ. ಎಡಕ್ಕೆ ಕೊಟ್ಟಳು. ಬಾಳೇಶನ ಮುಖ ಅರಳಿತು, ಆದರೆ ಪ್ರಾಮಾಣಿಕ ಮನುಷ್ಯ, ‘ಒಂದು ಅದು ಒಂದು ಇದು ಆತು, ಈಗ ಮೂರನೇದು ಬೇಕ ಬೇಕು’ ಎಂದ. ಮೂರನೆಯವನು ಧಾರವಾಡದ ರಸ್ತೆಯ ಒಬ್ಬ ಹನುಮಪ್ಪ. ಅವನ ಮೈಮೇಲಿನ ಎಸಳು ಬೀಳಲೇ ಇಲ್ಲ. ಒಂದು ತಾಸು ಕೂತೆವು. ಫ್ಯಾನು ಹಚ್ಚಬಹುದೇ ಎಂದು ನಾನು ಕೇಳಿದ್ದಕ್ಕೆ ಪೂಜಾರಿ ನನ್ನನ್ನು ಹೊರಗೆ ಕೂರಿಸಿದ. ಎರಡು ತಾಸಿನ ಮೇಲೆ ಅವನಿಗೂ ಹಸಿವಾಗಿ, ದೇವರು ವಿಚಾರ ಮಾಡಾಕತ್ತಾನ, ನೀವು ಹೋಗಿ ಬರ್ರಿ ಎಂದು ಬಾಗಿಲು ಹಾಕಿಕೊಂಡು ಉಣ್ಣಲು ಹೋದ.

ಅಷ್ಟರಲ್ಲಿ ದಸರಾ ಮುಗಿದಿತ್ತು. ಸುವರ್ಣಾ ಗುಡಿಗಳಿಗೆ ಬರುವುದನ್ನು ಬಿಟ್ಟಿದ್ದಳು. ಮಾತು ಕಡಿಮೆಯಾಗಿತ್ತು. ಒಂದು ಮುಂಜಾನೆ ಗೋಡೆಯಾಚೆಯಿಂದ ಅವಳ ದನಿ ಕೇಳಿತು: ‘ಒಂದು ತಿಂಗಳು ಮಾಡಿ ನೋಡೂಣು. ನೀವು ರಜಾ ಹಾಕ್ರಿ, ಮನಿ ಬಿಡೂದು ಬ್ಯಾಡ. ಹೊಂದಲಿಲ್ಲಂದ್ರ ತಿರುಗಿ ಬರೂಣು.’

‘ಹಂಗ ಅರ್ಧಮರ್ಧ ಮಾಡಬಾರದು. ಪಕ್ಕಾ ಆದ ಮ್ಯಾಲೆ ಹೋಗೂಣು’ ಎಂದ ಬಾಳೇಶ.

ಎಷ್ಟು ಸರಳ ಮಾತು ಹೇಳಿದ್ದಳು ಹೆಣ್ಣುಮಗಳು! ತುಸು ಕಾಲಿಟ್ಟು ನೀರಿನ ಆಳ ನೋಡೋಣ ಎಂದಳು. ಅವನು ನದಿ ತಾನಾಗಿ ತನ್ನ ಆಳ ಹೇಳಲಿ ಎಂದು ದಂಡೆಯಲ್ಲಿ ಕೂತಿದ್ದ. ನಾನಾಗಿದ್ದರೆ ನೋಡದೆ ಹಾರಿ, ಮುಳುಗುವ ಮೊದಲೇ ಎದ್ದು ಇನ್ನೊಂದು ಹೊಳೆಗೆ ಓಡುತ್ತಿದ್ದೆ. ಅವಳ ಉಪಾಯ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ನಾಲ್ಕನೆಯ ಪ್ರಯಾಣ ಜೊಯಿಡಾದ ಆಚೆ, ಕಾಡಿನೊಳಗಿನ ಒಂದು ದೇವಿಯ ಗುಡಿಗೆ. ಯಾರೋ ಲಾರಿ ಡ್ರೈವರ್ ಹೇಳಿದ್ದನಂತೆ, ಆ ದೇವಿ ಸುಳ್ಳು ಹೇಳುವುದಿಲ್ಲ ಎಂದು. ಹಾಗಾದರೆ ಉಳಿದವರು ಹೇಳುತ್ತಾರೆಯೇ ಎಂದು ನಾನು ಕೇಳಲಿಲ್ಲ. ಬೈಕಿನ ಚಕ್ರ ಎರಡು ಸಲ ಪಂಕ್ಚರ್ ಆಯಿತು. ಗುಡಿಯ ಮುದುಕ ಪೂಜಾರಿ ಎಸಳು ಕೈಯಲ್ಲಿ ಹಿಡಿದು, ಹಚ್ಚುವ ಮೊದಲು ಒಂದು ಮಾತು ಕೇಳಿದ.

‘ಮೊದಲು ಎಲ್ಲಾದ್ರೂ ಕೇಳಿದ್ದೀರೇನು?’

‘ಮೂರು ಕಡೆ ಕೇಳೇವ್ರಿ’ ಎಂದ ಬಾಳೇಶ, ಒಳ್ಳೆಯ ಅಂಕ ತೆಗೆದ ಹುಡುಗನ ಹಾಗೆ.

ಮುದುಕ ಎಸಳನ್ನು ಬುಟ್ಟಿಗೆ ಹಾಕಿದ. ‘ಮತ್ತೆ ಇಲ್ಲಿ ಯಾಕೆ ಬಂದ್ರಿ? ನೀವು ದೇವರನ್ನ ಕೇಳಾಕ ಬಂದಿಲ್ಲ. ದೇವರ ಪರೀಕ್ಷೆ ಮಾಡಾಕ ಬಂದಿದ್ದೀರಿ. ಉಂಡು ಹೋಗ್ರಿ, ಹೂವು ಕೊಡೂದಿಲ್ಲ.’

ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಬಾಳೇಶನಿಗೆ ಏನೂ ಅನ್ನಿಸಲಿಲ್ಲ. ಗಂಜಿ ಉಂಡು, ಬೈಕು ಹತ್ತಿ, ‘ಇದನ್ನ ಲೆಕ್ಕಕ್ಕ ಹಿಡೀಬೇಕೋ ಬ್ಯಾಡೋ?’ ಎಂದ.

ದೀಪಾವಳಿ ಬಂತು, ಹೋಯಿತು. ಮೂರನೆಯ ದಿನ ವೇಳಿಪ ಫೋನು ಮಾಡಿದ. ಬಾಳೇಶ, ಇನ್ನೊಂದು ಎಂಟು ದಿವಸ ಎಂದ. ವೇಳಿಪ ಖಾನಾಪುರದ ಕಡೆಯ ಒಬ್ಬ ಅಡುಗೆಯವನನ್ನು ಕರೆತಂದು ಕೂರಿಸಿದ. ಶನಿವಾರ, ಭಾನುವಾರದ ಕೆಲಸವೂ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾಳೇಶ ನೆಮ್ಮದಿಯಿಂದ ನಿಟ್ಟುಸಿರು ಬಿಟ್ಟು, ‘ದೇವರ ಮನಸ್ಸಿನ್ಯಾಗ ಇರಲಿಲ್ಲ ಕಾಣಸ್ತೇತಿ’ ಎಂದ. ಅವನ ಮುಖದ ಮೇಲಿನ ಆ ನೆಮ್ಮದಿ ನೋಡಿ ಕಪಾಳಕ್ಕೆ ಬಿಡಬೇಕೆನ್ನಿಸಿತು.

ಅವನು ಪಾಳಿಗೆ ಹೋದ ಮೇಲೆ ಸುವರ್ಣಾ ನಮ್ಮ ಬಾಗಿಲಿಗೆ ಬಂದು, ಕಡ ತಂದಿದ್ದ ಬಟ್ಟಲು ವಾಪಸು ಕೊಟ್ಟಳು. ಹೋಗದೆ ನಿಂತಳು.

‘ಈರೇಶಣ್ಣಾ, ಅವರಿಗರೆ ಬುದ್ಧಿ ಇಷ್ಟ ಬಿಡ್ರಿ. ಅಂಜಬುರುಕರು. ನೀವು ಎಲ್ಲಾ ಕಂಡವರು. ಕಲ್ಮೇಶ್ವರ ಕೊಟ್ಟಾಗ, ಆತು ಬಿಡೋ ಬಾಳೇಶ, ನಡಿ, ಅಂತ ಒಂದು ಮಾತು ಯಾಕ ಅನಲಿಲ್ರಿ?’

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಾನಿಯಲ್ಲಿ ಬಿತ್ತು ಎನ್ನುತ್ತಾರಲ್ಲ, ಬಟ್ಟಲು ಹಿಡಿದು ಹಾಗೆ ನಿಂತಿದ್ದೆ. ಇಷ್ಟು ದಿನ ಬಾಳೇಶನನ್ನು ಆಡಿಕೊಂಡು ನಕ್ಕವನು ನಾನೇ. ಕ್ಷಮಿಸವ್ವಾ ಎಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಹೋದಳು.

ಡಿಸೆಂಬರಿನಲ್ಲಿ ಖಾನಾಪುರದವನು ವೇಳಿಪನ ಜೊತೆ ಜಗಳವಾಡಿ ಗೋವಾದ ಹೋಟೆಲೊಂದಕ್ಕೆ ಹೋದ. ವರ್ಷದ ಕೊನೆಯ ವಾರ ಗಣೇಶಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವೇಳಿಪ ಓಡುತ್ತ ಬಂದ. ಈ ಸಲ ಚಹಾಕ್ಕೂ ಕೂರಲಿಲ್ಲ. ‘ನಾಳೆ ಸಂಜೆ ಒಳಗ ಹೌದಾ ಅಲ್ಲಾ ಹೇಳಾ, ಬಾಯಿ’ ಎಂದು ಹೋದ.

ಬಾಳೇಶ ಗೋಡೆಯ ಮೊಳೆಯಿಂದ ಅಂಗಿ ತೆಗೆದ. ‘ಕೇಳ್ಕೊಂಡ ಬರ್ತೇನಿ.’

ಸುವರ್ಣಾ ತಡೆಯುತ್ತಾಳೆ ಎಂದುಕೊಂಡೆ. ಅವಳು ನಗುನಗುತ್ತ, ‘ಹೋಗಿ ಬರ್ರಿ. ಇಲ್ಲಿಯವರನ್ನೆಲ್ಲ ಕೇಳಿ ಆಗೇತಿ. ಮುಂಡಗೋಡದಾಚೆ ಒಬ್ಬ ವೀರಭದ್ರ ಅದಾನಂತ, ಭಾಳ ಖರೇ ದೇವರಂತ. ನಾಳೆ ಮುಂಜಾನೆ ಮೊದಲನೇ ಬಸ್ಸಿಗೆ ಹೋಗ್ರಿ’ ಎಂದಳು. ನನ್ನ ಕಡೆ ತಿರುಗಿ, ‘ಈರೇಶಣ್ಣನ ಬೈಕ್ ಕೆಟ್ಟೇತಿ’ ಎಂದಳು. ನನ್ನ ಬೈಕು ಚೆನ್ನಾಗಿಯೇ ಇತ್ತು. ನಾನು, ಹೌದು, ಕೆಟ್ಟೇತಿ ಎಂದೆ. ಆ ವರ್ಷ ನಾನು ಆಡಿದ ಒಳ್ಳೆಯ ಮಾತು ಅದೊಂದೇ.

ಮರುದಿನ ಬಾಳೇಶನಿಗೆ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಬಸ್ಸು ಹತ್ತಿಸಿದಳು. ಅದು ಹಳಿಯಾಳದ ಕಡೆ ತಿರುಗಿದ ಮೇಲೆ ಮನೆಗೆ ಬಂದು ಟ್ರಂಕು ತೆಗೆದುಕೊಂಡಳು. ಬೀಗದ ಕೈ ನನ್ನ ಕೈಗಿಟ್ಟು ಗಣೇಶಗುಡಿಯ ಬಸ್ಸು ಹತ್ತಿದಳು. ನಾನು ಟ್ರಂಕು ಎತ್ತಿಕೊಟ್ಟೆ. ಅವಳು ಯಾವ ದೇವರಿಗೂ ಕೈಮುಗಿದದ್ದು ನಾನು ಕಾಣಲಿಲ್ಲ, ಕಂಡಕ್ಟರಿಗೆ ಮಾತ್ರ ಟಿಕೀಟು ಕೇಳಿದಳು.

ಮೂರು ಬಸ್ಸು ಬದಲಿಸಿ ಸಂಜೆ ಐದಕ್ಕೆ ಬಾಳೇಶ ಬಂದ. ದೂರದಿಂದಲೇ ಕೈ ಬೀಸುತ್ತಿದ್ದ. ‘ಬಲಕ್ಕ ಕೊಟ್ಟ! ಏನ್ ಪಸಂದ ಕೊಟ್ಟ ಅಂತೀ, ಹದಾ ಇಟ್ಟು ಕೊಟ್ಟ, ಅವಸರ ಇಲ್ಲ, ತಡಾ ಇಲ್ಲ!’ ನಾನು ಬೀಗದ ಕೈ ಮುಂದೆ ಹಿಡಿದೆ. ಅವನು ಅದನ್ನು ನೋಡಿದ, ಬಾಗಿಲನ್ನು ನೋಡಿದ. ಸಂಗತಿ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೂ ಅವನ ಮುಖದಲ್ಲಿ ಮೊದಲು ಕಂಡದ್ದು ಸಂತೋಷವೇ. ‘ಅಂದ್ರ ದೇವರು ಹೇಳಿದಂಗ ಆತು’ ಎಂದ. ಮನುಷ್ಯ ಇಷ್ಟು ಸುಖವಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಕಟ್ಟೆಯ ಮೇಲೆ ಕೂತು ಅವಳಿಗೆ ಫೋನು ಹಚ್ಚಿದ. ಅವನ ಫೋನಿನ ಸ್ಪೀಕರ್ ಎಂದೋ ಕೆಟ್ಟು ಯಾವಾಗಲೂ ಗಟ್ಟಿಯಾಗಿಯೇ ಕೂಗುತ್ತದೆ. ಇಡೀ ಸಾಲುಮನೆಗೆ ಕೇಳಿತು. ಆ ಕಡೆ ಪಾತ್ರೆಗಳ ಸದ್ದು, ಜನರ ಗದ್ದಲ.

‘ಸುವರ್ಣಾ, ವೀರಭದ್ರ ಬಲಕ್ಕ ಕೊಟ್ಟಾನ!’

‘ಚಲೋ ಆತ್ರಿ. ಊಟ ಮಾಡೀರೇನು?’

‘ಇಲ್ಲ. ನಾಳೆ ಬರ್ತೇನಿ. ಕಾಟಾಕ್ಕ ಹೇಳಿ, ಸಾಮಾನೆಲ್ಲ ಕಟ್ಕೊಂಡು...’

‘ತಡೀರಿ, ತಡೀರಿ’ ಎಂದಳು. ಯಾರಿಗೋ ಉಪ್ಪು ಎಲ್ಲಿದೆ ಎಂದು ಹೇಳಿ ಮತ್ತೆ ಫೋನಿಗೆ ಬಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವವಳ ದನಿ. ‘ಸಾಮಾನು ಕಟ್ಟಬ್ಯಾಡ್ರಿ. ಇಲ್ಲಿ ಕೈಯಾಳು ಒಬ್ಬರು ಬೇಕಾಗ್ಯಾರ ಖರೆ. ಆದ್ರ ವೇಳಿಪ ಅವರು ಇಬ್ಬರನ್ನ ಹೇಳ್ಯಾರ. ಒಬ್ಬ ಇಲ್ಲಿಯವ, ಒಬ್ಬಾಕಿ ಮುದಕವ್ವ ಅಂತ ಹಳಿಯಾಳದಾಕಿ. ಎಲ್ಲಾರನ್ನೂ ಎಂಟೆಂಟು ದಿವಸ ಇಟ್ಟು ನೋಡ್ತೇನಿ ಅಂದೇನಿ. ನೀವೂ ಎಂಟು ದಿವಸ ಬಂದು ಮಾಡಿ ತೋರಸ್ರಿ. ಆಮೇಲೆ ಹೇಳ್ತೇನಿ.’

‘ಅಲ್ಲ, ನಾ ನಿನ್ನ ಗಂಡ...’

‘ಅದನ್ನ ಯಾರು ಇಲ್ಲಾ ಅಂದ್ರು? ಉಳ್ಳಾಗಡ್ಡಿ ಹೆಚ್ಚಾಕ ಬರ್ತೈತೇನು?’

ಬಾಳೇಶ ತನ್ನ ಅಂಗೈ ನೋಡಿಕೊಂಡ. ನಾನು ಬಲ್ಲಂತೆ ಅವನು ಅಡುಗೆಮನೆಯ ಚಾಕು ಹಿಡಿದವನಲ್ಲ. ಫೋನು ಕಟ್ಟಾಯಿತು. ಅವನು ನನ್ನನ್ನು ನೋಡಿ, ‘ಈರೇಶ, ಗಣೇಶಗುಡಿ ಬಸ್ ಮುಂಜಾನೆ ಎಷ್ಟಕ್ಕೈತಿ?’ ಎಂದ. ಕೇಳಿಕೊಂಡು ಬರ್ತೇನಿ ಎನ್ನಲಿಲ್ಲ.

ಕಾಟಾಕ್ಕೆ ರಜೆ ಹಾಕಿ ಹೋದ. ಹೋದ ವಾರ ನಾನು ಗಣೇಶಗುಡಿಗೆ ಹೋದಾಗ ಅವನು ಹಿತ್ತಲಲ್ಲಿ ಚಪ್ಪಡಿಯ ಮೇಲೆ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಕಣ್ಣಲ್ಲಿ ನೀರು, ಬೆರಳಿಗೆ ಪಟ್ಟಿ. ಸುವರ್ಣಾ ಹಿಂದಿನಿಂದ ಬಂದು ಬುಟ್ಟಿಯೊಳಗೆ ಕೈ ಹಾಕಿ, ಒಂದು ಚೂರು ಎತ್ತಿ ಬೆಳಕಿಗೆ ಹಿಡಿದಳು. ‘ಮೊದಲಿಗಿಂತ ಸಣ್ಣಗ ಆಗೇತಿ. ಆದ್ರ ಮುದಕವ್ವನಷ್ಟು ಇಲ್ಲ. ಇನ್ನೂ ಎಂಟು ದಿವಸ ನೋಡೂಣು’ ಎಂದು ಒಳಗೆ ಹೋದಳು. ಬಾಳೇಶ ಇನ್ನೊಂದು ಉಳ್ಳಾಗಡ್ಡಿ ತೆಗೆದುಕೊಂಡ. ಇದು ಎಷ್ಟನೆಯ ಎಂಟು ದಿವಸ ಎಂದು ಕೇಳಿದೆ. ತಲೆ ಎತ್ತದೆ, ನಾಲ್ಕನೇದು ಎಂದ.